ನಾಲ್ಕನೇ ಅಡ್ಡಪಟ್ಟಿ, ಎಡಗಡೆ

ಫೆಬ್ರವರಿ 9

ಮಗಳಿಗೆ,

ನಿನ್ನ ಕಾರ್ಡು ನಿನ್ನ ಅಮ್ಮನ ಹೆಸರಿಗೆ ಬಂತು. ಅವಳಿಗೆ ಓದಲು ಬರುವುದಿಲ್ಲ ಎನ್ನುವುದು ನಿನಗೆ ಗೊತ್ತು, ಈ ಮನೆಯಲ್ಲಿ ಓದಿ ಹೇಳುವವನು ನಾನೊಬ್ಬನೇ ಎನ್ನುವುದೂ ಗೊತ್ತು. ಆದ್ದರಿಂದ ಅರ್ಧ ಕಾರ್ಡು ನನಗೂ ಬಂದ ಹಾಗೆ ಎಂದುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಹರಿದುಹಾಕು. ಆದರೆ ಪೂರ್ತಿ ಓದಿ ಹರಿ.

ನಿನ್ನ ಅಕ್ಷರ ಕಂಡು ಮೂರು ವರ್ಷ ಎರಡು ತಿಂಗಳಾಯಿತು. ಅಮ್ಮ ಕಾರ್ಡನ್ನು ಎರಡು ಸಲ ಓದಿಸಿದಳು. ಮೂರನೇ ಸಲ ಕೇಳುವಾಗ ನಾಚಿಕೆಪಟ್ಟು, ಕನ್ನಡಕ ಹುಡುಕುವವಳ ಹಾಗೆ ಸುತ್ತಾಡಿದಳು. ಅವಳಿಗೆ ಕನ್ನಡಕವೇ ಇಲ್ಲ. ಅವಳ ಮೊಣಕಾಲು ಊದಿದೆ, ಅಷ್ಟು ಬಿಟ್ಟರೆ ಚೆನ್ನಾಗಿದ್ದಾಳೆ.

ನೀನು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ, 'ಇವರಿಗೆ ಈಗ ನಿಮ್ಮ ಕಾರ್ಖಾನೆಯ ಹೊಸ ಗಾಡಿಯನ್ನೇ ಕೊಟ್ಟಿದ್ದಾರೆ' ಎಂದು. ಯಾವ ಗಾಡಿ? ಅಣೆಕಟ್ಟಿನ ಕೆಲಸಕ್ಕೆ ಎಂದು ನಾವು ಕಳಿಸಿದ್ದು ಎರಡು, ಆರನೆಯದು ಮತ್ತು ಏಳನೆಯದು. ಚಾಲಕನ ಬಾಗಿಲು ತೆಗೆದರೆ ಕೆಳಗೆ ಹಿತ್ತಾಳೆ ತಗಡಿನಲ್ಲಿ ನಂಬರು ಇರುತ್ತದೆ. ಅಳಿಯಂದಿರು ಗಾಡಿಯನ್ನು ಬರೀ ನಿಲ್ಲಿಸಿಕೊಂಡಿದ್ದಾರೋ ಓಡಿಸುತ್ತಿದ್ದಾರೋ? ಏನನ್ನು ಎಳೆಯುತ್ತಿದ್ದಾರೆ? ದಾರಿ ಎಷ್ಟು ಏರು? ನಿಧಾನ ಹೋಗಲು ಹೇಳು. ಅವರು ನಿಧಾನ ಹೋಗುವವರೇ, ಗೊತ್ತು. ಆದರೂ ಹೇಳು.

ನಂಬರು ಮರೆಯಬೇಡ. ಬೇರೇನೂ ಬರೆಯದಿದ್ದರೂ ನಂಬರು ಬರೆ.

ಇತಿ,
ಅಪ್ಪ

•

ಫೆಬ್ರವರಿ 20

ಅಪ್ಪನವರಿಗೆ,

ಏಳನೇ ನಂಬರು.

ಮೂರು ವರ್ಷ ಮಗಳು ಇದ್ದಾಳೋ ಸತ್ತಳೋ ಎಂದು ಕೇಳದವರು ಗಾಡಿಯ ಆರೋಗ್ಯಕ್ಕೆ ಒಂದು ಪುಟ ಬರೆದಿದ್ದೀರಿ. ನಾನೂ ಹುಟ್ಟುವಾಗ ಹಿತ್ತಾಳೆ ತಗಡು ಹಾಕಿಕೊಂಡು ಬರಬೇಕಿತ್ತು.

ಅಮ್ಮನಿಗೆ ಓದಿ ಹೇಳಿ: ನಾನು ಇಲ್ಲಿ ಸಾಮಾನು ಕೋಠಿಯಲ್ಲಿ ಕೆಲಸ ಮಾಡುತ್ತೇನೆ. ಯಾವ ಯಂತ್ರದ ಯಾವ ಭಾಗ ಯಾರಿಗೆ ಕೊಟ್ಟೆ ಎಂದು ಬರೆದಿಡುವುದು. ಎರಡು ಕೋಣೆಯ ಹಲಗೆ ಮನೆ, ಕಿಟಕಿ ತೆಗೆದರೆ ಅರ್ಧ ಕಟ್ಟಿದ ಅಣೆಕಟ್ಟು, ಮುಚ್ಚಿದರೆ ಅದರ ಧೂಳು. ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಳ್ಳಲಿ.

ಇನ್ನು ನಿಮ್ಮ ಗಾಡಿಗೆ. ಇಲ್ಲಿಯವರೆಗೆ ಎಳೆದದ್ದು ಬರೀ ಮರಳು ಮೂಟೆ, ಪರೀಕ್ಷೆಗೆ. ಕೆಳಗೆ ರೈಲು ನಿಲ್ಲುವಲ್ಲಿ ಮೂರು ಟ್ರಾನ್ಸ್‌ಫಾರ್ಮರ್‌ಗಳು ಬಂದು ಕೂತಿವೆ, ಒಂದೊಂದು ಈ ನಮ್ಮ ಸಾಲಿನ ನಾಲ್ಕು ಮನೆಯಷ್ಟು. ಅವನ್ನು ನಲವತ್ತೆಂಟು ಚಕ್ರದ ಟ್ರೇಲರಿನ ಮೇಲಿಟ್ಟು ಮೇಲಿನ ವಿದ್ಯುತ್ ಮನೆಗೆ ತರಬೇಕು. ಏಳನೆಯದು ಮುಂದೆ ಎಳೆಯುತ್ತದೆ, ಆರನೆಯದು ಹಿಂದಿನಿಂದ ತಳ್ಳುತ್ತದೆ. ಹನ್ನೊಂದು ತಿರುವು. ಹೊರಮಗ್ಗುಲಲ್ಲಿ ಗೋಡೆ ಇಲ್ಲ, ಬಿಳಿ ಬಳಿದ ಕಲ್ಲುಗಳಿವೆ. ಸೇತುವೆ ಗಟ್ಟಿ ಮಾಡುವುದು ಮುಗಿದ ಮೇಲೆ ಮೊದಲನೇ ಹೊರೆ. ಏಪ್ರಿಲ್‌ನಲ್ಲಿ ಎನ್ನುತ್ತಾರೆ.

ಇವರು ಆ ಗಾಡಿಯನ್ನು ದಿನಾ ಒರೆಸುತ್ತಾರೆ. 'ನಿಮ್ಮಪ್ಪ ಕೊಟ್ಟಿದ್ದು ಇದೊಂದೇ ಅಲ್ವಾ' ಎನ್ನುತ್ತಾರೆ.

ಮಗಳು

•

ಮಾರ್ಚ್ 1

ಮಗಳಿಗೆ,

ಕಾಗದ ತಲುಪಿತು. ಅಮ್ಮನಿಗೆ ಓದಿದೆ. ತಗಡಿನ ಮಾತನ್ನು ಬಿಟ್ಟು ಓದಿದೆ. ಬಿಟ್ಟದ್ದು ಅವಳಿಗೆ ಗೊತ್ತಾಯಿತು, 'ನಡುವೆ ಏನೋ ನುಂಗಿದ್ರಿ' ಎಂದಳು. ನಿನ್ನ ತಗಡಿನ ಮಾತಿಗೆ ಉತ್ತರ ಇದ್ದರೂ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದನ್ನು ಕಾಗದದ ಮೇಲಿಡಲು ಬರುವುದಿಲ್ಲ.

ಇಲ್ಲಿ ಕಾರ್ಖಾನೆ ನೀನು ಕಂಡದ್ದಲ್ಲ. ಯುದ್ಧದಲ್ಲಿ ದಿನಕ್ಕೆ ಎಂಟು ಗಾಡಿ, ಎಲ್ಲ ಒಂದೇ ತರ, ಟ್ಯಾಂಕು ಹೊರುವುದಕ್ಕೆ. ಯುದ್ಧ ನಿಂತ ಮೇಲೆ ಯಾರಿಗೂ ಬೇಡವಾಗಿ ಅಂಗಳದಲ್ಲಿ ಅವು ಸಾಲಾಗಿ ತುಕ್ಕು ಹಿಡಿದು ನಿಂತದ್ದು ನೀನೂ ನೋಡಿದ್ದೀಯ. ಈಗ ಕಾರ್ಖಾನೆಗೆ ಮತ್ತೆ ಜೀವ ಬಂದಿದೆ, ಗಾಡಿಗಳ ನಂಬರೂ ಮತ್ತೆ ಒಂದರಿಂದ. ಆದರೆ ಒಂದೊಂದು ಗಾಡಿಯದೂ ಒಂದೊಂದು ಅವತಾರ. ಕಲ್ಲುಗಣಿಯವರು ಕಲ್ಲು ಸುರಿಯುವುದು ಬೇಕು ಎನ್ನುತ್ತಾರೆ, ಎಣ್ಣೆ ಬಾವಿಯವರು ಮರಳಲ್ಲಿ ಹೂತುಹೋಗದ್ದು ಬೇಕು ಎನ್ನುತ್ತಾರೆ, ಇನ್ಯಾರೋ ಬೆನ್ನ ಮೇಲೆ ಕ್ರೇನ್ ಬೇಕು ಎನ್ನುತ್ತಾರೆ. ಎರಡು ಗಾಡಿಗೆ ಒಂದು ನಕ್ಷೆ, ಮತ್ತೆ ಹೊಸ ನಕ್ಷೆ. ಯುದ್ಧದಲ್ಲಿ ಒಂದೇ ಅಚ್ಚು, ಕಣ್ಣು ಕಟ್ಟಿಕೊಂಡು ಹೊಡೆಯಬಹುದಿತ್ತು. ಈಗ ತೊಲೆಯ ತೂತಿಗೂ ಪಟ್ಟಿಯ ತೂತಿಗೂ ಅತ್ತೆ ಸೊಸೆ ಸಂಬಂಧ.

ನಿನ್ನ ಜಾಗದಲ್ಲಿ ಒತ್ತುಗಬ್ಬಿಣ ಹಿಡಿಯಲು ಒಬ್ಬನಿದ್ದಾನೆ. ಅವನಿಗೆ 'ಆಕಳಿಕೆ' ಎಂದೇ ಹೆಸರು. ನಾನು ಈ ಕಡೆಯಿಂದ ಗಾಳಿ ಸುತ್ತಿಗೆಯಲ್ಲಿ ಕೆಂಪಗೆ ಕಾದ ರಿವೆಟ್ ಮೊಳೆ ಹೊಡೆಯುವಾಗ ಆ ಕಡೆ ಒತ್ತು ಕೊಡಬೇಕಾದವನು ಬಾಯಿ ತೆರೆದುಕೊಂಡು ನಿಂತಿರುತ್ತಾನೆ. ಇರಲಿ.

ಒಂದು ಉಪಕಾರ ಆಗಬೇಕು. ಗಾಡಿ ನಿಂತಿರುವಾಗ ಅದರ ಅಡಿಗೆ ಹೋಗಿ ಹಿಂದಿನ ತುದಿಯಿಂದ ನೋಡು. ಟ್ರೇಲರಿನ ಕೊಂಡಿ ಕೂರುವ ಕಡೆಯ ಅಡ್ಡಪಟ್ಟಿ ಐದನೆಯದು, ಅದರ ಮುಂದಿನದು ನಾಲ್ಕನೆಯದು. ಅದರ ಎಡಗಡೆ ಎಂಟು ರಿವೆಟ್ ಇದೆ. ಚಿಕ್ಕ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ನೋಡು. ತಲೆಯ ಒಂದು ಪಕ್ಕ ಬೆರಳಿಟ್ಟು ಇನ್ನೊಂದು ಪಕ್ಕ ತಟ್ಟುವುದು, ನಿನಗೆ ಹೇಳಬೇಕಾಗಿಲ್ಲ. ಬೆರಳಿಗೆ ಒಳಗಿನಿಂದ ಗುದ್ದಿದರೆ ಸಡಿಲ, ಗುದ್ದದಿದ್ದರೆ ಗಟ್ಟಿ. ಹೊಸ ಗಾಡಿ, ಒಮ್ಮೆ ನೋಡಿದರೆ ತಪ್ಪೇನಿಲ್ಲ ಎಂದು ಹೇಳಿದೆ ಅಷ್ಟೆ. ಬೇರೆ ಕಾರಣ ಇಲ್ಲ.

ಅಳಿಯಂದಿರಿಗೆ ನಾನು ಹೇಳಿದ್ದು ಎಂದು ಹೇಳಬೇಡ. ತಪ್ಪು ತಿಳಿದಾರು.

ಇತಿ,
ಅಪ್ಪ

ಮತ್ತೆ: ಎಡಗಡೆ ಎಂದರೆ ಚಾಲಕ ಕೂತಾಗ ಅವನ ಎಡಗಡೆ. ನೀನು ಅಡಿಯಲ್ಲಿ ಅಂಗಾತ ಮಲಗಿದಾಗಿನದಲ್ಲ.

•

ಮಾರ್ಚ್ 12

ಅಪ್ಪನವರಿಗೆ,

ಭಾನುವಾರ ಗಾಡಿಯ ಅಡಿಗೆ ಹೋದೆ. ಇವರು ಗಾಡಿಯ ಪಕ್ಕದಲ್ಲೇ ನಿಂತಿದ್ದರು. ನನ್ನ ಕಾಲು ಮಾತ್ರ ಹೊರಗೆ ಕಾಣುತ್ತಿತ್ತಂತೆ. ಇಲ್ಲಿಯ ಮೆಕ್ಯಾನಿಕ್ ಬಂದು ಕಾಲಿನ ಹತ್ತಿರ ಕೂತು, "ಏನಕ್ಕ, ಗಾಡಿಗೆ ನಾಡಿ ನೋಡ್ತಾ ಇದೀರಾ? ಬಸುರಿ ಅಂತ ಮಾತ್ರ ಹೇಳ್ಬೇಡಿ, ಎರಡನ್ನ ಸಾಕೋ ಶಕ್ತಿ ನನಗಿಲ್ಲ" ಎಂದ.

ಎಂಟನ್ನೂ ತಟ್ಟಿದೆ. ಎರಡು ಸುತ್ತು. ಮೂರು ವರ್ಷದ ಮೇಲೆ ಕೈಯಲ್ಲಿ ಸುತ್ತಿಗೆ ಹಿಡಿದದ್ದು, ಆದರೂ ಬೆರಳು ಮರೆತಿಲ್ಲ. ಎಂಟೂ ಗಟ್ಟಿ. ಒಂದೂ ಗುದ್ದಲಿಲ್ಲ. ಬಲಗಡೆಯದನ್ನೂ ನೋಡಿದೆ, ಐದನೇ ಪಟ್ಟಿಯನ್ನೂ ನೋಡಿದೆ. ಎಲ್ಲ ಗಟ್ಟಿ.

ಅದು ನಿಮ್ಮ ಕೈ ಎಂದು ಕತ್ತಲಲ್ಲೂ ಹೇಳುತ್ತಿದ್ದೆ. ತಲೆಗಳು ಅಷ್ಟು ಸಮ.

ಇವರಿಗೆ ಹೇಳಿದೆ, ನೀವು ಹೇಳಿದ್ದು ಎಂದೇ ಹೇಳಿದೆ. ನನಗೆ ಗಂಡನ ಹತ್ತಿರ ಕಟ್ಟುಕಥೆ ಹೇಳಿ ಅಭ್ಯಾಸ ಇಲ್ಲ. "ಪಾಪ, ಮಾವನಿಗೆ ಒಳಗೊಳಗೇ ನನ್ನ ಮೇಲೆ ಜೀವ" ಎಂದು ಬೀಗಿದರು.

ಮೊದಲನೇ ಹೊರೆ ಏಪ್ರಿಲ್ 14ಕ್ಕೆ ಎಂದು ಗೊತ್ತಾಗಿದೆ. ಈಗ ನೆಮ್ಮದಿಯಿಂದ ಇರಿ.

ಮಗಳು

•

ಮಾರ್ಚ್ 19

ಮಗಳಿಗೆ,

ನೆಮ್ಮದಿಯಿಂದ ಇರಿ ಎಂದು ಬರೆದಿದ್ದೀಯ. ಅದು ಗಟ್ಟಿ ಎಂದು ಓದಿದ ಮೇಲೆ ನೆಮ್ಮದಿ ಎಲ್ಲಿಂದ ಬರಬೇಕು?

ಸಡಿಲ ಎಂದು ಬರೆದಿದ್ದರೆ ಚೆನ್ನಾಗಿತ್ತು. ಸಡಿಲ ಎಂದಿದ್ದರೆ ನೀವೇ ಬಿಚ್ಚಿಸುತ್ತಿದ್ದಿರಿ, ನಾನು ಬಾಯಿ ಬಿಡಬೇಕಾಗುತ್ತಿರಲಿಲ್ಲ. ಅದಕ್ಕೇ ನಿನ್ನ ಕೈಯಲ್ಲಿ ತಟ್ಟಿಸಿದೆ. ಮರಳು ಎಳೆದ ಅಲುಗಾಟಕ್ಕೆ ಇಷ್ಟು ಹೊತ್ತಿಗೆ ಬಿಟ್ಟುಕೊಂಡಿರಬಹುದು ಎಂದು ಆಸೆಪಟ್ಟೆ. ಎಂಥ ಆಸೆ ನೋಡು.

ಈಗ ಬರೆಯುತ್ತೇನೆ. ನೆಟ್ಟಗೆ ಬರೆಯಲು ಬರುತ್ತದೋ ಇಲ್ಲವೋ.

ಏಳನೇ ಗಾಡಿ ಕಳಿಸುವ ಹಿಂದಿನ ದಿನ. ಮಾರನೇ ದಿನ ಸಾಹೇಬರೆಲ್ಲ ಬಂದು ಫೋಟೋ ತೆಗೆಸಿಕೊಳ್ಳುವುದಿತ್ತು. ನಾಲ್ಕನೇ ಅಡ್ಡಪಟ್ಟಿಯ ಎಡಗಡೆ ಮೇಲಿನ ಎರಡು ತೂತು ಕೂಡಲಿಲ್ಲ, ಕಡಲೆ ಕಾಳಿನಷ್ಟು ಪಕ್ಕಕ್ಕೆ. ಗೂಟ ಹೊಡೆದು ಎಳೆದು ಕೂಡಿಸುವಷ್ಟರಲ್ಲಿ ರಿವೆಟ್ಟಿನ ಕೆಂಪು ಆರಿತ್ತು. ಆರಿದ್ದನ್ನೇ ಹೊಡೆದೆ. ಆಕಳಿಕೆ ಒತ್ತು ಸರಿಯಾಗಿ ಕೊಡಲಿಲ್ಲ. ಬೆರಳಿಟ್ಟು ತಟ್ಟಿದರೆ ಎರಡೂ ಗುದ್ದಿದವು. ಬಿಚ್ಚಬೇಕೆಂದರೆ ಸ್ಪ್ರಿಂಗಿನ ಬ್ರಾಕೆಟ್ ಬಿಚ್ಚಬೇಕು, ಅಂದರೆ ಇಡೀ ದಿನ. ಆಕಳಿಕೆಯನ್ನು ಚಹಾಕ್ಕೆ ಕಳಿಸಿದೆ. ಮೊಂಡು ಉಳಿ ತೆಗೆದುಕೊಂಡು ಎರಡರ ತಲೆಯ ಸುತ್ತ ಅಂಚನ್ನು ಪಟ್ಟಿಗೆ ಕಚ್ಚುವಂತೆ ಹೊಡೆದೆ.

ಹಾಗೆ ಮಾಡಿದರೆ ತಲೆ ಕಚ್ಚಿಕೊಳ್ಳುತ್ತದೆ, ಬೆರಳಿಗೆ ಗುದ್ದುವುದಿಲ್ಲ. ತೂತಿನ ಒಳಗೆ ಮೈ ತುಂಬಿರುವುದಿಲ್ಲ. ಹೊರಗೆ ಗಟ್ಟಿ, ಒಳಗೆ ಟೊಳ್ಳು. ಯಾರು ಎಲ್ಲಿ ತಟ್ಟಿದರೂ ಗಟ್ಟಿ ಎಂದೇ ಹೇಳುತ್ತದೆ, ಕಡೆಗೆ ಒಂದು ದಿನ ಭಾರ ಬಿದ್ದು ಪಟ್ಟಿ ಜಾರುವವರೆಗೆ. ನೀನು ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಇದನ್ನು ಮಾಡುವಾಗ ನಾನು ಅವನ ಉಳಿ ಕಿತ್ತು ಚರಂಡಿಗೆ ಎಸೆದಿದ್ದೆ.

ತಟ್ಟಿದ ಸದ್ದಿನಲ್ಲೇ ಗಟ್ಟಿಯೋ ಸಡಿಲವೋ ಹೇಳುವ ತನಿಖೆಯವರು, ನಾವೆಲ್ಲ ಕಿವಿ ಸಾಹೇಬರು ಎನ್ನುವವರು, ಬಂದು ತಟ್ಟಿದರು. 'ನಿಂದು ನೋಡೋದೇ ಬೇಡಪ್ಪ, ಶಾಸ್ತ್ರಕ್ಕೆ ನೋಡ್ತಿದೀನಿ' ಎಂದರು. ಮೇಲೆ ಹಸಿರು ಬಣ್ಣ ಬಂತು.

ಆ ಜಾಗ ಕೊಂಡಿಯ ಮುಂದಿನದು. ಎಳೆಯುವ ಬಲ ಎಲ್ಲ ಅಲ್ಲೇ ಬೀಳುತ್ತದೆ. ಉಳಿದ ಆರು ತಡೆಯಬಹುದು. ತಡೆಯುತ್ತವೆ ಎಂದು ಒಂದು ಗಂಟೆ ಅನಿಸುತ್ತದೆ, ಇಲ್ಲ ಎಂದು ಇನ್ನೊಂದು ಗಂಟೆ.

ಅಳಿಯಂದಿರು ಆ ಗಾಡಿ ಹತ್ತಬಾರದು. ಹೊಟ್ಟೆನೋವು ಎಂದು ಹೇಳಲಿ, ಕಣ್ಣು ಕತ್ತಲೆ ಬರುತ್ತದೆ ಎನ್ನಲಿ. ಕಾರಣ ಮಾತ್ರ ಹೇಳಬೇಡಿ. ಅಲ್ಲಿಂದ ಕಾರ್ಖಾನೆಗೆ ಕಾಗದ ಬಂದರೆ ನನ್ನನ್ನು ಗೇಟಿನ ಹೊರಗೆ ನಿಲ್ಲಿಸುತ್ತಾರೆ. ಇಪ್ಪತ್ತಾರು ವರ್ಷ ನನ್ನ ರಿವೆಟ್ ತಟ್ಟಿದವರೆಲ್ಲ ಇನ್ನೊಂದು ಸಲ ತಟ್ಟಿ ನೋಡುತ್ತಾರೆ.

ನೀನು ಹಿಂದೆ ನಿಂತಿದ್ದರೆ ಹೀಗಾಗುತ್ತಿರಲಿಲ್ಲ.

ಇತಿ,
ಅಪ್ಪ

•

ಮಾರ್ಚ್ 27

ಅಪ್ಪ,

ನಾನು ಹಿಂದೆ ನಿಂತಿದ್ದರೆ ಎಂದು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು?

ಯುದ್ಧ ಮುಗಿದ ಆ ವಾರ ನಲವತ್ತು ಜನ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕೈಗವಸು ವಾಪಸ್ ತೆಗೆದುಕೊಂಡರು. ನನ್ನ ಹತ್ತಿರ ಬಂದಾಗ ಫೋರ್‌ಮನ್ ನಿನ್ನ ಕಡೆ ತಿರುಗಿದ. "ಇವಳು ಕೆಲಸದಲ್ಲಿ ಹೇಗೆ? ನೀನು ಹೇಳಿದ್ರೆ ಒಬ್ಬಳನ್ನ ಇಟ್ಕೋಬಹುದು" ಅಂದ. ನೀನು ಬೂಟು ನೋಡಿಕೊಂಡೆ. ಬೂಟಿಗೆ ಏನಾಗಿತ್ತು ಅಪ್ಪ? ಮಗಳನ್ನು ಹೊಗಳಿದರೆ ನಿನ್ನ ಕೆಲಸಕ್ಕೆ ಸಂಚಕಾರ ಬರುತ್ತದೆ ಎಂದು ಹೆದರಿದೆ. ಈಗಲೂ ಅದೇ ಹೆದರಿಕೆ. ಅವತ್ತು ಬಾಯಿ ಮುಚ್ಚಿದ್ದೆ, ಇವತ್ತು ನಮ್ಮ ಬಾಯಿ ಮುಚ್ಚಿಸುತ್ತಿದ್ದೀಯ.

ನಿನ್ನ ಕಾಗದ ಇವರಿಗೆ ಓದಿದೆ. ಇವರು ಗಾಡಿ ಒರೆಸುವ ಬಟ್ಟೆ ಮಡಚಿಟ್ಟರು. ಆಮೇಲೆ ನೀನು ಹೇಳಿದ ಹಾಗೇ ಮಾಡಿದರು, ಹೊಟ್ಟೆನೋವು ಎಂದು ಆಫೀಸಿನಲ್ಲಿ ಹೇಳಿ ಬಂದರು. ನನ್ನ ಮುಖ ನೋಡಿ, 'ನಿಮ್ಮಪ್ಪನ ಮಾನ' ಎಂದರು, ಅಷ್ಟೆ.

ಹೊಟ್ಟೆನೋವಿಗೆ ಆಫೀಸಿನವರು ಏನು ಮಾಡಿದರು ಗೊತ್ತಾ? ಏಳನೆಯದನ್ನು ಗಿಡ್ಡನಿಗೆ ಕೊಟ್ಟರು. ಆರನೇ ಗಾಡಿಯ ಡ್ರೈವರ್, ಇವರ ಜೊತೆಗಾರ. ಪೆಡಲ್ ಸಿಗುವುದಿಲ್ಲ ಎಂದು ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಓಡಿಸುವವನು. ನಿನ್ನೆ ನಮ್ಮ ಮನೆಗೆ ಬಂದು, "ಅತ್ತಿಗೆ, ಅಣ್ಣನ ಹೊಟ್ಟೆಗೆ ಒಳ್ಳೇದಾಗ್ಲಿ, ನನಗೆ ಏಳನೇದು ಸಿಕ್ತು. ಇನ್ಮೇಲೆ ನಾನು ಮುಂದೆ, ಹೊಟ್ಟೆ ಸರಿಯಾದ್ಮೇಲೆ ಇವ್ರು ಹಿಂದೆ ನೂಕ್ತಾರೆ" ಎಂದು ನಕ್ಕ. ಅವನ ಚಿಕ್ಕ ಮಗಳು ನನ್ನ ಸೆರಗು ಹಿಡಿದು ಮನೆಯೆಲ್ಲ ಸುತ್ತಿದಳು. ನಾನು ಅವರಿಗೆ ಚಹಾ ಕೊಟ್ಟೆ. ಚಹಾ ಕೊಟ್ಟೆ ಅಪ್ಪ. ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಇವರು ಹೇಳಿದರು, ನಾವೇ ಹೋಗಿ ಎಂಜಿನಿಯರಿಗೆ ಹೇಳೋಣ ಎಂದು. ಹೇಳಿದರೆ ಏನಾಗುತ್ತದೆ, ಯೋಚಿಸು. ಮೆಕ್ಯಾನಿಕ್ ಬಂದು ತಟ್ಟುತ್ತಾನೆ, ಗಟ್ಟಿ ಎನ್ನುತ್ತಾನೆ. ನಾನೇ ತಟ್ಟಿ ಗಟ್ಟಿ ಎಂದು ಇಡೀ ಶಿಬಿರಕ್ಕೆ ಹೇಳಿದ್ದೇನೆ. ಹೆದರಿದ ಡ್ರೈವರನ ಹೆಂಡತಿಯ ಮಾತಿಗಾಗಲಿ, ಅವಳು ತೋರಿಸುವ ಮನೆಯ ಕಾಗದಕ್ಕಾಗಲಿ ಯಾರೂ ಹೊಸ ಗಾಡಿ ಬಿಚ್ಚುವುದಿಲ್ಲ. ಎಲ್ಲರ ಬೆರಳಿಗೂ ಸುಳ್ಳು ಹೇಳುವ ಹಾಗೆ ನೀನು ಮಾಡಿಟ್ಟಿದ್ದೀಯ. ಅದು ಸುಳ್ಳು ಎಂದು ಹೇಳಬಲ್ಲವನು, ಮಾಡಿದವನೊಬ್ಬನೇ.

ಇಲ್ಲಿಯ ಮುಖ್ಯ ಎಂಜಿನಿಯರಿಗೆ ನೀನೇ ಬರೆ. ನಿನ್ನ ಕೈಯಲ್ಲಿ, ನೀನು ಯಾರು ಎಂದು ಹೇಳಿ. ವಿಳಾಸ ಹಿಂದಿನ ಪುಟದಲ್ಲಿದೆ. ಹೊರೆ ಏಪ್ರಿಲ್ 14ಕ್ಕೆ. ಅಂಚೆಗೆ ಐದಾರು ದಿನ ಬೇಕು. ಲೆಕ್ಕ ಹಾಕಿಕೊ.

ಏಪ್ರಿಲ್ 12ರವರೆಗೆ ಕಾಯುತ್ತೇನೆ. ಆಮೇಲೆ ಗಿಡ್ಡನ ಮನೆಗೆ ಹೋಗಿ ನಿನ್ನ ಕಾಗದ ಓದುತ್ತೇನೆ. ನಂಬಿದರೆ ನಂಬಲಿ.

ಮಗಳು

•

ಏಪ್ರಿಲ್ 3

ಮುಖ್ಯ ಎಂಜಿನಿಯರ್ ಸಾಹೇಬರಿಗೆ,

ಸ್ವಾಮಿ, ನಾನು ನಿಮ್ಮಲ್ಲಿಗೆ ಬಂದಿರುವ ಏಳನೇ ನಂಬರು ಗಾಡಿಯ ಚೌಕಟ್ಟಿಗೆ ರಿವೆಟ್ ಹೊಡೆದವನು. ಕಾಗದ ಬರೆದು ಅಭ್ಯಾಸ ಇಲ್ಲದವನು, ತಪ್ಪಿದ್ದರೆ ಮನ್ನಿಸಬೇಕು. ಇದು ಮೂರನೇ ಸಲ ಬರೆಯುತ್ತಿರುವುದು. ಮೊದಲಿನ ಎರಡರಲ್ಲಿ ನನ್ನ ಮೇಲೆ ತಪ್ಪು ಬಾರದಂತೆ ಬರೆದಿದ್ದೆ, ಆದ್ದರಿಂದ ಅವು ಅರ್ಥವಾಗುವ ಹಾಗಿರಲಿಲ್ಲ.

ನಾಲ್ಕನೇ ಅಡ್ಡಪಟ್ಟಿ, ಎಡಗಡೆ, ಮೇಲಿನ ಎರಡು ರಿವೆಟ್ ಕೆಟ್ಟಿವೆ. ನಾನು ಗೊತ್ತಿದ್ದೇ ಬಿಟ್ಟೆ. ತಟ್ಟಿದರೆ ಗಟ್ಟಿ ಎನ್ನುತ್ತವೆ, ಏಕೆಂದರೆ ಹಾಗೆ ಎನ್ನಲಿ ಎಂದು ತಲೆಯ ಅಂಚನ್ನು ಉಳಿಯಿಂದ ಕಚ್ಚಿಸಿದ್ದೇನೆ. ಬಣ್ಣ ಕೆರೆದು ನೋಡಿ, ತಲೆಯ ಸುತ್ತ ಉಗುರಿನಷ್ಟು ಅಗಲದ ಉಳಿಯ ಗುರುತು ಕಾಣುತ್ತದೆ. ಅದು ಕಂಡರೆ ನನ್ನ ಮಾತು ನಂಬಿ. ತಲೆ ಕತ್ತರಿಸಿ ತೆಗೆಸಿ ಹೊಸದು ಹಾಕಿಸುವವರೆಗೆ ಆ ಗಾಡಿಗೆ ಯಾವ ಹೊರೆಯನ್ನೂ ಕಟ್ಟಬೇಡಿ, ಮರಳನ್ನೂ ಬೇಡ.

ಇದರಲ್ಲಿ ನನ್ನ ಸಂಗಡಿಗನದಾಗಲಿ ತನಿಖೆಯವರದಾಗಲಿ ತಪ್ಪಿಲ್ಲ. ಹೊಟ್ಟೆನೋವು ಎಂದ ಡ್ರೈವರ್ ನನ್ನ ಅಳಿಯ. ಅವರಿಗೆ ಹೊಟ್ಟೆನೋವು ಇಲ್ಲ. ನಾನು ಹೇಳಿಸಿದ್ದು.

ಈ ಕಾಗದದ ವಿಷಯ ಇವತ್ತು ಮಧ್ಯಾಹ್ನ ನಮ್ಮ ಫೋರ್‌ಮನ್‌ಗೂ ಹೇಳುತ್ತೇನೆ. ಅದಕ್ಕೆ ಮುಂಚೆ ಇದನ್ನು ಅಂಚೆಗೆ ಹಾಕುತ್ತೇನೆ, ಆಮೇಲೆ ಹಾಕಲು ಧೈರ್ಯ ಬರುತ್ತದೋ ಇಲ್ಲವೋ.

ಇತಿ,
ನಿಮ್ಮ ವಿಧೇಯ,
ಚೌಕಟ್ಟು ವಿಭಾಗದ ರಿವೆಟ್ ಕೆಲಸದವನು

•

ಏಪ್ರಿಲ್ 21

ಅಪ್ಪ,

ನಿನ್ನ ಕಾಗದ ಎಂಟನೇ ತಾರೀಖು ಬಂತು. ಎಂಜಿನಿಯರ್ ನನ್ನನ್ನೂ ಇವರನ್ನೂ ಕರೆಸಿ, ಕುಳಿತುಕೊಳ್ಳಿ ಎಂದು ಹೇಳದೆ, ಅದನ್ನು ಗಟ್ಟಿಯಾಗಿ ಓದಿದರು. ಹೊಟ್ಟೆನೋವಿನ ಸಾಲು ಬಂದಾಗ ಕನ್ನಡಕದ ಮೇಲಿಂದ ಇವರನ್ನು ನೋಡಿದರು. ಇವರು ಹೊಟ್ಟೆ ಮುಟ್ಟಿಕೊಂಡರು, ಅಭ್ಯಾಸಬಲ.

ಬಣ್ಣ ಕೆರೆದರು. ಉಳಿಯ ಗುರುತು ಇತ್ತು, ಎರಡಕ್ಕೂ. ಮೆಕ್ಯಾನಿಕ್ ನಗಲಿಲ್ಲ. ತಲೆ ಕತ್ತರಿಸುವಾಗ ನಾನು ಅಲ್ಲೇ ನಿಂತಿದ್ದೆ. ಹಿಂದಿನದು ಸುಲಭಕ್ಕೆ ಬರಲಿಲ್ಲ, ಒಳಗೆ ಮೈ ತುಂಬಿಕೊಂಡೇ ಇತ್ತು, ಒಂದು ಗಂಟೆ ಬಡಿದು ತೆಗೆದರು. ಮುಂದಿನದರ ತಲೆ ಹಾರಿದ ಕೂಡಲೇ ಉಳಿದ ತುಂಡು ತಾನಾಗಿ ಜಾರಿ ನೆಲಕ್ಕೆ ಬಿತ್ತು. ಯಾರೂ ಮುಟ್ಟಲೇ ಇಲ್ಲ. ಮೈಮೇಲೆಲ್ಲ ಕಂದು ಪುಡಿ ಮೆತ್ತಿಕೊಂಡಿತ್ತು. ಅದರ ತೂತಿನಿಂದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಹೊರಟಿತ್ತು, ನನ್ನ ಕಿರುಬೆರಳಿನ ಉದ್ದ. ಬರೀ ಮರಳಿಗೆ ಅಷ್ಟು.

ಗಿಡ್ಡ ಬಗ್ಗಿ ಆ ಬಿರುಕನ್ನು ನೋಡಿದ. ಆಮೇಲೆ ಎದ್ದು ಇವರ ಕೆನ್ನೆಗೆ ಹೊಡೆದ. ಎಟುಕಲಿಲ್ಲ, ಕತ್ತಿಗೆ ಬಿತ್ತು. "ಹೊಟ್ಟೆನೋವಾ ಅಣ್ಣ? ನನ್ನ ಹತ್ರ ಹೊಟ್ಟೆನೋವಾ?" ಎಂದ. ಹನ್ನೆರಡು ದಿನ ಅವನು ನಮ್ಮ ಮನೆ ಕಡೆ ಬಂದಿಲ್ಲ. ನಿನ್ನೆ ಅವನ ಚಿಕ್ಕವಳು ಒಬ್ಬಳೇ ಬಂದು ಬಾಗಿಲಲ್ಲಿ ನಿಂತು ಹೋದಳು.

ಹೊಸ ಪಟ್ಟಿ ಬರಬೇಕು. ಹೊರೆ ಜೂನ್‌ಗೆ ಹೋಗಿದೆ. ಶಿಬಿರದವರೆಲ್ಲ ನಮ್ಮನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಇವರಿಗೆ ಸದ್ಯ ನೀರಿನ ಗಾಡಿ ಕೊಟ್ಟಿದ್ದಾರೆ.

ನಿನಗೆ ಅಲ್ಲಿ ಏನಾಯಿತು? ಬರೆ. ನುಂಗದೆ ಬರೆ.

ಮಗಳು

•

ಮೇ 6

ಮಗಳಿಗೆ,

ಬಿರುಕಿನ ಸಾಲು ಓದಿ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಅಮ್ಮ ಕೇಳಿದಳು. ಈ ಸಲ ಎಲ್ಲ ಓದಿದೆ, ಮೊದಲಿನಿಂದ, ಎಲ್ಲ ಕಾಗದಗಳನ್ನೂ, ಬೂಟಿನದನ್ನೂ. ಸಂಜೆ ನನ್ನ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟಳು.

ಇಲ್ಲಿ ಏನಾಯಿತು ಎಂದು ಕೇಳಿದ್ದೀಯ. ಅವತ್ತೇ ಫೋರ್‌ಮನ್ ಹತ್ತಿರ ಹೋದೆ. "ಕೂತ್ಕೊಂಡು ಹೇಳು" ಅಂದ. ಕೂತರೆ ಏಳುವುದಿಲ್ಲ ಎಂದು ನಿಂತೇ ಹೇಳಿದೆ. ಅವನು ಬಹಳ ಹೊತ್ತು ಪೆನ್ಸಿಲ್ ಕೆತ್ತಿದ. "ಕಿವಿ ಸಾಹೇಬ್ರು ಪಾಸ್ ಮಾಡಿದ ಗಾಡಿ ಮಾರಾಯ, ಫೇಲ್ ಮಾಡೋಕೆ ನೀನ್ಯಾರು? ಕಾಗದ ಹಾಕೋಕೆ ಮುಂಚೆ ನನ್ನ ಹತ್ರ ಬರಬಾರದಿತ್ತಾ?" ಎಂದ. ಮುಂಚೆ ಬಂದಿದ್ದರೆ ಕಾಗದ ಹಾಕುತ್ತಿರಲಿಲ್ಲ ಎಂದೆ.

ಗೇಟಿನ ಹೊರಗೆ ಹಾಕಲಿಲ್ಲ. ಸುತ್ತಿಗೆ ತೆಗೆದುಕೊಂಡು ಉಗ್ರಾಣಕ್ಕೆ ಹಾಕಿದರು, ಬೋಲ್ಟು ಜೋಡಿಸಿಡುವ ಕೆಲಸ. ಹೇಗಿದ್ದರೂ ಮುಂದಿನ ವರ್ಷದಿಂದ ಚೌಕಟ್ಟುಗಳಿಗೆ ರಿವೆಟ್ ಬದಲು ಬೋಲ್ಟಂತೆ. ಕಿವಿ ಸಾಹೇಬರು ಕ್ಯಾಂಟೀನಿನಲ್ಲಿ ಎಲ್ಲರ ಎದುರಿಗೆ ತಮ್ಮ ಚಿಕ್ಕ ಸುತ್ತಿಗೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟರು. "ಇನ್ನು ಇದು ನಿನ್ನ ಹತ್ರಾನೇ ಇರ್ಲಿ. ನನ್ನ ಕಿವಿ ಸತ್ತಿದೆ ಅಂತ ಊರಿಗೆಲ್ಲ ಡಂಗುರ ಸಾರಿದೀಯಲ್ಲ" ಎಂದರು. ನಿಮ್ಮ ತಪ್ಪಿಲ್ಲ ಎಂದು ಬರೆದಿದ್ದೇನೆ ಸಾಹೇಬರೇ ಎಂದೆ. "ಅದೇ ಕಣಯ್ಯ ಉರಿಯೋದು" ಎಂದು ಹೋದರು. ಆಕಳಿಕೆ ಮಾತ್ರ ಪಕ್ಕ ಬಂದು ಕೂತ. 'ಅವತ್ತು ಚಹಾ ಕುಡಿದು ಬಂದಾಗ ಗೊತ್ತಾಗಿತ್ತು, ಉಳಿ ಬಿಸಿ ಇತ್ತು' ಎಂದ. ಬಾಯಿ ತೆರೆದುಕೊಂಡಿರುತ್ತಾನೆ ಎಂದು ನಾನು ನಗುತ್ತಿದ್ದವನು ಅದನ್ನು ಇಷ್ಟು ದಿನ ಮುಚ್ಚಿಕೊಂಡಿದ್ದ.

ಅಳಿಯಂದಿರಿಗೆ ನನ್ನಿಂದ ಏಟು ಬಿತ್ತು. ಗಿಡ್ಡನಿಗೆ ನಾನು ಬರೆಯಬಹುದೋ ಬಾರದೋ ನೀನು ಹೇಳು.

ಫೋರ್‌ಮನ್ ಅವತ್ತು ನನ್ನನ್ನು ಕೇಳಿದಾಗ ನಾನು ಹೇಳಬೇಕಾಗಿದ್ದದ್ದು, 'ನನಗಿಂತ ಚೆನ್ನಾಗಿ ಹಿಡಿಯುತ್ತಾಳೆ' ಎಂದು. ಐದು ಪದ ಸಹ ಇಲ್ಲ. ತಡವಾಯಿತು, ಗೊತ್ತು.

ಈಗ ನನ್ನನ್ನು ತಿನ್ನುತ್ತಿರುವುದು ಬೇರೆ. ಎರಡರಲ್ಲಿ ಹಿಂದಿನದೇ ಹೆಚ್ಚು ಕೆಟ್ಟದ್ದು ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಅದು ಗಟ್ಟಿ ಇತ್ತು ಎಂದು ನೀನು ಬರೆದಿದ್ದೀಯ. ಪರವಾಗಿಲ್ಲ ಎಂದುಕೊಂಡದ್ದು ತಾನಾಗಿ ಬಿತ್ತು. ಹಾಗಾದರೆ ನನ್ನ ಕೈ ಹೇಳುವುದನ್ನು ನಾನು ಯಾವ ನಂಬಿಕೆಯ ಮೇಲೆ ನಂಬಲಿ? ಉಳಿ ಹಿಡಿದದ್ದು ಅದೊಂದೇ ಸಲ, ಅದು ಸತ್ಯ. ಆದರೆ ಗಟ್ಟಿ ಎಂದುಕೊಂಡು ಬಿಟ್ಟದ್ದು ಎಷ್ಟೋ. ಆ ತೂತು ಕೂಡದ ನಕ್ಷೆಗಳು ಬಂದದ್ದು ಮೂರನೇ ಗಾಡಿಯಿಂದ. ಉಗ್ರಾಣದಲ್ಲಿ ಯಾವ ಗಾಡಿ ಎಲ್ಲಿಗೆ ಹೋಯಿತು ಎನ್ನುವ ಪುಸ್ತಕ ಇದೆ. ಊಟದ ಹೊತ್ತಿನಲ್ಲಿ ವಿಳಾಸ ಬರೆದುಕೊಂಡೆ. ಕೇಳಿ ಬರೆದುಕೊಂಡೆ. ಫೋರ್‌ಮನ್ 'ನನಗೆ ಕಾಣ್ಲಿಲ್ಲ' ಎಂದು ಆ ಕಡೆ ತಿರುಗಿದ.

ಕಲ್ಲುಗಣಿಗೆ ಬರೆದ ಕಾಗದದ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಹಾಕಿ ಬಂದದ್ದಾಯಿತು. ಓದಿ, ಹೇಳಬೇಕಾದದ್ದು ಏನಾದರೂ ಬಿಟ್ಟಿದ್ದರೆ ತಿಳಿಸು, ಮುಂದಿನವರಿಗೆ ಸೇರಿಸುತ್ತೇನೆ.

ಇತಿ,
ಅಪ್ಪ

•

ಮೇ 6

ನಾಲ್ಕನೇ ನಂಬರು ಗಾಡಿ ಓಡಿಸುವವರಿಗೆ,

ನೀವು ಯಾರೋ ನನಗೆ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ನೀವು ದಿನವೂ ಕೂರುವ ಗಾಡಿಯ ಚೌಕಟ್ಟಿಗೆ ರಿವೆಟ್ ಹೊಡೆದವನು ನಾನು. ಹೆದರಿಸಲು ಬರೆಯುತ್ತಿಲ್ಲ. ಅದರಲ್ಲಿ ಕೆಟ್ಟದ್ದು ಇದೆ ಎಂದು ನನಗೆ ಗೊತ್ತಿಲ್ಲ, ಇಲ್ಲ ಎಂದೂ ಗೊತ್ತಿಲ್ಲ.

ಕಲ್ಲು ಸುರಿದು ಖಾಲಿ ಆದ ಮೇಲೆ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬೆಳಕಿರುವಾಗ ಅಡಿಗೆ ಹೋಗಿ. ಎಲ್ಲ ಅಡ್ಡಪಟ್ಟಿಗಳನ್ನೂ ನೋಡಿ, ಎರಡೂ ಕಡೆ. ತಟ್ಟಿ ನೋಡಬೇಡಿ, ಅದನ್ನು ನಂಬಬೇಡಿ. ಯಾವುದಾದರೂ ರಿವೆಟ್ಟಿನ ತಲೆಯ ಸುತ್ತ ಬಣ್ಣ ಒಡೆದು ಕಂದು ಪುಡಿ ಬಂದಿದೆಯೇ ನೋಡಿ. ಬಂದಿದ್ದರೆ ಅದು ಒಳಗೆ ಅಲುಗಾಡುತ್ತಿದೆ. ಗಾಡಿ ತೆಗೆಯಬೇಡಿ. ಯಾರು ಏನೇ ಹೇಳಲಿ, ತೆಗೆಯಬೇಡಿ, ನಿಮಗೆ ಬದಲು ಬೇರೆಯವರು ಹತ್ತಲೂ ಬಿಡಬೇಡಿ. ಈ ಕಾಗದ ತೋರಿಸಿ.

ನೋಡಿದ ಮೇಲೆ ನನಗೆ ಎರಡು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಯಾರ ಕೈಯಲ್ಲಾದರೂ ಬರೆಸಿ. ಎಲ್ಲ ಸರಿ ಇದ್ದರೂ ಬರೆಸಿ.

ಇತಿ,
ರಿವೆಟ್ ಹೊಡೆದವನು